ಸೆಟ್ಟಿಂಗ್ ಒಂದೂ ಹೋಗಬಾರದು

ಸಾಹೇಬರ ಹೆಂಡತಿ ಆಪಾ ಫೋನಿನಲ್ಲಿ ಕೇಳಿಕೊಂಡದ್ದು ಒಂದೇ. ಏನು ಬೇಕಾದರೂ ಹಾಕು, ಏನು ಬೇಕಾದರೂ ತೆಗೆ, ಸಾಹೇಬರ ಪರದೆಯಲ್ಲಿ ಮಾತ್ರ ಏನೂ ಬದಲಾಗಬಾರದು, ಸೆಟ್ಟಿಂಗ್ ಒಂದೂ ಹೋಗಬಾರದು.

ಚಿಂತಾಮಣಿಯ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಈ ಮಾತನ್ನು ದಿನಾ ಕೇಳುತ್ತೇನೆ. ಫೋನು ಸರಿಮಾಡಿ ಕೊಟ್ಟರೆ ರಿಂಗ್‌ಟೋನ್ ಎಲ್ಲಿ ಹೋಯಿತೆಂದು ಪ್ರಾಣ ತಿನ್ನುವವರಿದ್ದಾರೆ, ಪರದೆಯ ಮೇಲಿದ್ದ ದೇವರ ಫೋಟೋ ಮಾಯವಾಯಿತೆಂದು ಜಗಳಕ್ಕೇ ನಿಂತವರಿದ್ದಾರೆ. ಅಂಥವರಿಗೆಲ್ಲ ಆಯ್ತಾಯ್ತು ಎಂದು ತಲೆಯಾಡಿಸಿ ನನಗೆ ತೋಚಿದ್ದನ್ನು ಮಾಡಿ ಕಳಿಸುತ್ತೇನೆ. ಆಪಾಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಸಾಹೇಬರ ಪರದೆಯಲ್ಲಿ ಏನಿದೆ, ಅದು ಹೋದರೆ ಏನಾಗುತ್ತದೆ ಎಂಬುದು ಅವರಷ್ಟೇ ನನಗೂ ಗೊತ್ತಿತ್ತು.

ಸಾಹೇಬರ ಪ್ರೆಸ್ಸು ಶಿಡ್ಲಘಟ್ಟದಲ್ಲಿ, ರೇಷ್ಮೆ ರೀಲರ್‌ಗಳ ಬೀದಿಯಲ್ಲಿ. ಗೂಡು ಬೇಯಿಸುವ ವಾಸನೆ ಆ ಬೀದಿಯ ಗೋಡೆಗಳಿಗೂ ಹಿಡಿದಿದೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಸಣ್ಣ ಅಂಗಳ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಕನ್ನಡ ಕಂಪೋಸ್ ಮಾಡಲು ಸೇರಿಸಿಕೊಂಡವರು ಅವರು. ಮದುವೆ ಕಾರ್ಡು, ಅಂಗಡಿ ಬಿಲ್ಲು, ಮುರುಗಮಲ್ಲದ ಉರುಸಿನ ಪೋಸ್ಟರು, ರಂಜಾನ್ ವೇಳಾಪಟ್ಟಿ, ಎಲ್ಲವೂ ಅಲ್ಲಿ ಆಗುತ್ತಿತ್ತು. ನಾನು ಮಾಡಿದ ಮೊದಲ ಕಾರ್ಡನ್ನು ನೋಡಿ, ನಿನ್ನ ಒತ್ತಕ್ಷರಗಳು ಕೊನೇ ಬಸ್ಸಿಗೆ ಓಡೋರ ಥರ ಇವೆ, ಸ್ವಲ್ಪ ನಿಲ್ಲಿಸು ಅವನ್ನ ಎಂದಿದ್ದರು. ಅಕ್ಷರಗಳ ನಡುವೆ ಗಾಳಿ ಆಡಬೇಕು ಎಂಬುದನ್ನು ನಾನು ಕಲಿತದ್ದು ಆ ಮನುಷ್ಯನಿಂದ. ಬೈಗುಳ ತಿಂದೇ ಕಲಿತೆ. ಕೊನೆಗೆ ಅಕ್ಷರಕ್ಕಿಂತ ಕಂಪ್ಯೂಟರಿನ ಹೊಟ್ಟೆ ಬಿಚ್ಚುವುದರಲ್ಲೇ ರುಚಿ ಹತ್ತಿ ನನ್ನದೇ ಅಂಗಡಿ ಇಟ್ಟುಕೊಂಡೆ.

ಸಾಹೇಬರು ಮೊದಲಿಗೆ ಕಾತಿಬ್. ಎಂದರೆ ಉರ್ದುವನ್ನು ಕೈಯಲ್ಲಿ, ಕಲಮಿನಲ್ಲಿ ಬರೆದು ಕೊಡುತ್ತಿದ್ದವರು. ಕಂಪ್ಯೂಟರ್ ಬಂದಾಗ ಉಳಿದ ಕಾತಿಬರು ಮೂಗು ಮುರಿದು ಕೂತರೆ ಇವರು ಎಲ್ಲಿಂದಲೋ ಒಂದು ಸೆಕೆಂಡ್ ಹ್ಯಾಂಡ್ ಯಂತ್ರವನ್ನು ತಂದರು. ಅದರಲ್ಲಿದ್ದ ಉರ್ದು ಅಕ್ಷರ ಕೈಬರಹದ ಹಾಗೆಯೇ ಓರೆಯಾಗಿ ಇಳಿಯುತ್ತಿತ್ತು. ಆಮೇಲೆ ಎಷ್ಟು ಹೊಸ ಯಂತ್ರಗಳು ಬಂದವು, ಎಷ್ಟು ಹೊಸ ಅಕ್ಷರಗಳು ಬಂದವು, ಇವರು ಆ ಹಳೆಯದನ್ನು ಬಿಡಲಿಲ್ಲ. ಹೊಸದರಲ್ಲಿ ಅಕ್ಷರ ಕೂರಲ್ಲ, ನಿಂತ್ಕೊಂಡಿರುತ್ತೆ ಎನ್ನುತ್ತಿದ್ದರು. ಈಗ ಆ ಯಂತ್ರದ ಬಿಡಿಭಾಗ ಹುಡುಕುವುದೆಂದರೆ ಗುಜರಿಯವರ ಕಾಲು ಹಿಡಿಯುವುದೇ. ನಾನು ಹಿಡಿದಿದ್ದೇನೆ.

ಕೋವಿಡ್ ಮುಗಿದ ಮೇಲೆ ಅವರಿಗೆ ಲಕ್ವ ಹೊಡೆಯಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು, ಮಾತು, ಮೂರೂ ಇರಲಿಲ್ಲ. ಓದುವುದು ಮಾತ್ರ ಹೇಗೋ ಉಳಿದಿತ್ತು. ಬರೆದದ್ದನ್ನು ತೋರಿಸಿದರೆ ಕಣ್ಣು ಓಡುತ್ತಿತ್ತು, ತಪ್ಪು ಕಂಡಲ್ಲಿ ನಿಲ್ಲುತ್ತಿತ್ತು. ಆದರೆ ತಾವಾಗಿ ಒಂದಕ್ಷರ ಹುಡುಕಿ ಬರೆಯಲು, ಕೀಲಿಮಣೆಯಲ್ಲಿ ಒತ್ತಲು ಆಗುತ್ತಿರಲಿಲ್ಲ. ಕಲಮು ಹಿಡಿದು ಊರಿಗೆಲ್ಲ ಅಕ್ಷರ ಬರೆದುಕೊಟ್ಟವರು ಎಡಗೈಯಲ್ಲಿ ಗೀರು ಎಳೆದು, ಅದನ್ನೇ ನೋಡುತ್ತಾ ಕೂತಿದ್ದರು. ಅದನ್ನು ನೋಡಿದ ದಿನ ನಾನು ಬಸ್ಸಿನಲ್ಲಿ ಅಳುತ್ತಲೇ ಊರು ಸೇರಿದ್ದೆ.

ಆಮೇಲೆ ನಾನೇ ಒಂದು ದಾರಿ ಮಾಡಿದೆ. ಪ್ರೆಸ್ಸಿನ ಹಳೆಯ ಯಂತ್ರದಿಂದ ಅಂಗಳದ ಮೇಲೆ ಕೇಬಲ್ ಎಳೆದು ಅವರ ಮಂಚದ ಪಕ್ಕದಲ್ಲಿ ಅದೇ ಕಾಲದ ಇನ್ನೊಂದು ಕಂಪ್ಯೂಟರ್ ಇಟ್ಟೆ. ಒಂದರಲ್ಲಿರುವ ಫೈಲು ಇನ್ನೊಂದರಲ್ಲಿ ಕಾಣುವಂತೆ ಮಾಡುವ ಒಂದು ಶೇರಿಂಗ್ ಸಾಫ್ಟ್‌ವೇರ್ ಮೊದಲಿಂದಲೂ ಪ್ರೆಸ್ಸಿನಲ್ಲಿತ್ತು. ಮಂಚದ ಯಂತ್ರವನ್ನೂ ಅದಕ್ಕೇ ಜೋಡಿಸಿದೆ. ಮಂಚದ ಪರದೆಯಲ್ಲಿ ಎರಡೇ ಫೋಲ್ಡರು. ಎಡಗಡೆಯದು ನೋಡಬೇಕಾದ್ದು, ಬಲಗಡೆಯದು ನೋಡಿದ್ದು. ಆಪಾ ಮುಂದೆ ಕೂತು ಉರ್ದು, ಕನ್ನಡ ಎರಡನ್ನೂ ಕಂಪೋಸ್ ಮಾಡಿ ಪುಟವನ್ನು ಎಡಕ್ಕೆ ಹಾಕುತ್ತಿದ್ದರು. ಸಾಹೇಬರು ತೆರೆದು ಓದಿ, ಸರಿಯಿದ್ದರೆ ಎಡಗೈಯಲ್ಲಿ ಮೌಸ್ ಹಿಡಿದು ಬಲಕ್ಕೆ ಎಳೆಯುತ್ತಿದ್ದರು. ತಪ್ಪಿದ್ದರೆ ಮಂಚದ ಕಂಬಿ ಬಡಿಯುತ್ತಿದ್ದರು. ಪಾಸ್‌ವರ್ಡನ್ನು ಆ ಸಾಫ್ಟ್‌ವೇರೇ ನೆನಪಿಟ್ಟುಕೊಳ್ಳುವಂತೆ ಮಾಡಿದ್ದೆ. ಬೆಳಿಗ್ಗೆ ಅವರು ಗುಂಡಿ ಒತ್ತಿದರೆ ಸಾಕು, ಯಾರ ಹಂಗೂ ಇಲ್ಲದೆ ಅಂಗಡಿ ಅವರ ಕಣ್ಣೆದುರು ತೆರೆದುಕೊಳ್ಳುತ್ತಿತ್ತು. ಹಲ್ಲುಜ್ಜುವುದರಿಂದ ಹಿಡಿದು ಎಲ್ಲಕ್ಕೂ ಇನ್ನೊಬ್ಬರ ಕೈ ಬೇಕಾಗಿದ್ದ ಮನುಷ್ಯ ತಾವೊಬ್ಬರೇ ಮಾಡುತ್ತಿದ್ದ ಕೆಲಸ ಅದೊಂದೇ.

ಅದು ಮಗುವನ್ನು ಸುಮ್ಮನಿರಿಸಲು ಕೊಟ್ಟ ಆಟಿಕೆಯಾಗಿರಲಿಲ್ಲ. ಮದುವೆ ಕಾರ್ಡಿನಲ್ಲಿ ತೀರಿಕೊಂಡವರ ಹೆಸರಿನ ಹಿಂದೆ ಮರ್ಹೂಮ್ ಎಂದು ಹಾಕಬೇಕು. ಅಜ್ಜನ ಹೆಸರಿಗೆ ಅದನ್ನು ಮರೆತರೆ ಮನೆಯವರು ನೊಂದುಕೊಳ್ಳುತ್ತಾರೆ, ಬದುಕಿರುವವರಿಗೆ ಹಾಕಿದರೆ ಕೇಳುವುದೇ ಬೇಡ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮಸೀದಿಯ ಮೈಕಿನಲ್ಲಿ ಹೇಳುತ್ತಾರಲ್ಲ, ಸಾಹೇಬರು ಮಂಚದಲ್ಲಿ ಮಲಗಿಯೇ ಅದನ್ನು ಕೇಳಿಸಿಕೊಂಡು ತಲೆಯಲ್ಲಿಟ್ಟುಕೊಳ್ಳುತ್ತಿದ್ದರು. ಎಷ್ಟೋ ಸಲ ಕಂಬಿ ಬಡಿದು ಆಪಾರನ್ನು ಕರೆಸಿ ಒಂದು ಹೆಸರಿನ ಮೇಲೆ ಬೆರಳಿಟ್ಟದ್ದಿದೆ. ಆ ಮನೆಯವರೇ ಬರೆದುಕೊಡುವಾಗ ಮರೆತಿರುತ್ತಿದ್ದರು. ಲಕ್ವ ಹೊಡೆದವರು ಊರಿನ ಲೆಕ್ಕ ಇಟ್ಟಿದ್ದಾರೆ ನೋಡಮ್ಮಾ ಎಂದು ಆಪಾ ಹೆಮ್ಮೆಪಡುತ್ತಿದ್ದರು.

ಹೀಗಿರುವಾಗ ಪ್ರೆಸ್ಸಿನಲ್ಲಿ ಕನ್ನಡಕ್ಕಿದ್ದ ಕಂಪ್ಯೂಟರ್ ಸತ್ತುಹೋಯಿತು. ಅದರ ಜಾಗಕ್ಕೆ ಹೊಸದು ಬಂತು. ಹೊಸದಕ್ಕೆ ಹಳೆಯ ಯಂತ್ರ ಕಾಣಿಸಲೇ ಇಲ್ಲ. ಹಳೆಯ ಶೇರಿಂಗ್ ಮಾತಾಡುವ ರೀತಿ ಭದ್ರವಲ್ಲವೆಂದು ಈಗಿನ ಕಂಪ್ಯೂಟರುಗಳು ಅದನ್ನು ಬಾಗಿಲಲ್ಲೇ ನಿಲ್ಲಿಸಿಬಿಡುತ್ತವೆ. ಪೆನ್‌ಡ್ರೈವ್ ಹಾಕಿದರೆ ಹಳೆಯದು ಒಮ್ಮೆ ಗುರುತು ಹಿಡಿದರೆ ಇನ್ನೊಮ್ಮೆ ಇಲ್ಲ. ಕಾರ್ಡಿನ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಉರ್ದು, ಎರಡೂ ಒಂದೆಡೆ ಸೇರದೆ ಅಚ್ಚಿನ ಪ್ಲೇಟ್ ಆಗುವುದಿಲ್ಲ. ಮದುವೆ ಕಾಲ ಬೇರೆ. ಆ ಸಾಫ್ಟ್‌ವೇರಿನ ಮುಂದಿನ ಆವೃತ್ತಿಯೊಂದು ಇತ್ತು, ಅದಕ್ಕೆ ಹೊಸ ರೀತಿಯೂ ಬರುತ್ತಿತ್ತು. ಹಳೇ ಯಂತ್ರಗಳ ಹುಚ್ಚಿರುವವರು ಇಂಟರ್‌ನೆಟ್ಟಿನಲ್ಲಿ ಅದನ್ನು ಕಾಪಾಡಿಟ್ಟಿದ್ದರು. ಇಳಿಸಿಕೊಂಡೆ. ಜೊತೆಗಿದ್ದ ಸೂಚನೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದೆ. ಹಳೆಯದರ ಮೇಲೆಯೇ ಹೊಸದನ್ನು ಹಾಕಿದರೆ ನೆನಪಿಟ್ಟ ಪಾಸ್‌ವರ್ಡ್ ಹಾಗೆಯೇ ಮುಂದುವರಿಯುತ್ತದೆ. ಅಳಿಸಿ ಮೊದಲಿಂದ ಹಾಕಿದರೆ ಪ್ರತಿಸಲವೂ ಪಾಸ್‌ವರ್ಡ್ ಕೇಳುತ್ತದೆ, ನೆನಪಿಡುವ ಸೌಲಭ್ಯವನ್ನೇ ಹೊಸದರಲ್ಲಿ ತೆಗೆದಿದ್ದಾರೆ. ಆದ್ದರಿಂದ ಮೇಲೆಯೇ ಹಾಕಬೇಕು, ನಡುವೆ ನಿಲ್ಲಬಾರದು. ಇಷ್ಟೇ.

ನಾನು ಹೋದದ್ದು ಮಧ್ಯಾಹ್ನಕ್ಕೆ ಮುಂಚೆ. ಪ್ರೆಸ್ಸಿನಲ್ಲಿ ಆಪಾ ಮತ್ತು ಮಷೀನ್ ನಡೆಸುವ ಅಣ್ಣ ಇಬ್ಬರೇ. ಅಣ್ಣ ಮುರುಗಮಲ್ಲದ ಕಡೆಯವರು, ಹೊಲಮನೆ ಇದ್ದವರು, ಮನೆಯಲ್ಲಿ ತೆಲುಗು. ನಾನು ಕೆಲಸಕ್ಕೆ ಸೇರುವ ಮೊದಲಿಂದಲೂ ಆ ಮಷೀನಿನ ಮುಂದೆ ನಿಂತಿದ್ದಾರೆ. ಕರೆಂಟು ಹೋಗುವ ಹೊತ್ತು ಯಾವುದೆಂದು ಲೈನ್‌ಮನ್‌ಗೆ ಫೋನು ಮಾಡಿ ಕೇಳಿಕೊಂಡೆ. ಹೋದರೂ ಇರಲಿ ಎಂದು ಇನ್ವರ್ಟರಿನ ಬ್ಯಾಟರಿ ಪರೀಕ್ಷಿಸಿದೆ, ಗಟ್ಟಿಯಾಗಿತ್ತು. ಸೆಟ್ಟಿಂಗ್ ಇದ್ದ ಫೋಲ್ಡರನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಂಡೆ. ಸಾಹೇಬರ ಹತ್ತಿರ ಹೋಗಿ, ಇವತ್ತು ಒಂದು ಗಂಟೆ ಬಿಡುವು ಕೊಡಿ ಸಾರ್, ಮತ್ತೆ ನಿಮ್ಮ ಅಂಗಡಿ ನಿಮಗೆ ಎಂದೆ. ಅವರು ಎಡಗೈ ಎತ್ತಿ ನನ್ನ ತಲೆ ಮೇಲಿಟ್ಟರು. ನಾನು ಮುಂದೆ ಬಂದು ಪ್ರೆಸ್ಸಿನ ಹಳೆಯ ಯಂತ್ರದಲ್ಲಿ ಕೆಲಸ ಶುರುಮಾಡಿದೆ.

ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಪರದೆಯಲ್ಲಿ ನಿಧಾನಕ್ಕೆ ತುಂಬತೊಡಗಿತು. ಅಷ್ಟರಲ್ಲಿ ಮಸೀದಿಯ ಮೈಕಿನಲ್ಲಿ ಹೇಳಿದರು. ಬೀದಿಯ ತುದಿಯ ಮನೆಯ ಮುದುಕರೊಬ್ಬರು, ಹಳೆಯ ರೀಲರ್, ಬೆಳಿಗ್ಗೆ ತೀರಿಕೊಂಡಿದ್ದಾರೆ, ಮಧ್ಯಾಹ್ನದ ಜೊಹರ್ ನಮಾಜಿನ ಜೊತೆ ಜನಾಜಾ. ಆಪಾ ಕೂತಲ್ಲೇ ಸೆರಗು ತಲೆಗೆಳೆದುಕೊಂಡು ತುಟಿ ಅಲ್ಲಾಡಿಸಿದರು. ಅವರ ಮೊಮ್ಮಗಳ ಮದುವೆ ಕಾರ್ಡು ನಮ್ಮಲ್ಲೇ ಇದೆ, ಇನ್ನು ಮದುವೆ ಮುಂದಕ್ಕೆ ಹೋಯಿತೇನೋ ಎಂದರು. ಆಮೇಲೆ ಸಾಹೇಬರಿಗೆ ಊಟ ಕೊಡಲು ಹಿಂದಕ್ಕೆ ಹೋದರು.

ಆ ಬೀದಿಯಲ್ಲಿ ಒಂದು ನಡವಳಿಕೆ ಇದೆ. ಹೆಣ ಹೊತ್ತ ಡೋಲಾ ಬೀದಿಗೆ ತಿರುಗಿದ ಕೂಡಲೇ ಅಂಗಡಿಗಳು ಶಟರ್ ಎಳೆಯುತ್ತವೆ. ಒಳಗೆ ದೀಪ, ಫ್ಯಾನು, ಮಷೀನು ಏನೂ ಇರಕೂಡದು. ರೇಷ್ಮೆ ಬಿಚ್ಚುವ ಚರಕಗಳೂ ನಿಲ್ಲುತ್ತವೆ. ಹಿಂದೂಗಳ ಅಂಗಡಿ, ಮುಸ್ಲಿಮರ ಅಂಗಡಿ ಎಂಬ ಭೇದವಿಲ್ಲ. ಡೋಲಾ ದಾಟಿದ ಮೇಲೆ ಮತ್ತೆ ತೆರೆಯುತ್ತಾರೆ. ಪ್ರೆಸ್ಸಿನಲ್ಲಿ ಈ ಕೆಲಸ ಅಣ್ಣನದು. ಆಪಾ ಕಂಪ್ಯೂಟರ್ ಆರಿಸಿ ಹ್ಞೂಂ ಎಂದ ಮೇಲೆ ಅವರು ಶಟರ್ ಎಳೆದು ಮೇನ್ ಇಳಿಸಿ, ಅದರ ಪಕ್ಕದ ಇನ್ವರ್ಟರ್ ಸ್ವಿಚ್ಚನ್ನೂ ಇಳಿಸುತ್ತಿದ್ದರು. ಅವತ್ತು ಹ್ಞೂಂ ಎನ್ನಲು ಆಪಾ ಅಲ್ಲಿರಲಿಲ್ಲ. ಜೊಹರ್‌ಗೆ ಮುಂಚೆಯೇ ಕೆಲಸ ಮುಗಿಯುತ್ತದೆಂಬ ಲೆಕ್ಕದಲ್ಲಿ ನಾನು ಪಟ್ಟಿಯ ಮೇಲೆ ಕಣ್ಣಿಟ್ಟು ಕೂತಿದ್ದೆ. ಹಿಂದೆ ಶಟರ್ ಇಳಿದ ಸದ್ದಾಯಿತು. ಏನು ಎಂದು ತಿರುಗುವಷ್ಟರಲ್ಲಿ ಟಕ್, ಟಕ್ ಎಂದು ಎರಡು ಸಲ. ಪರದೆ ಕಪ್ಪಾಯಿತು. ಪಟ್ಟಿ ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋಗಿತ್ತು.

ನನಗೆ ಸಿಟ್ಟು ಬಂದರೆ ಬೀದಿಗೆ ಕೇಳುತ್ತದೆ. ಅವತ್ತು ಬಾಯಿ ತೆರೆದವಳು ಹಾಗೆಯೇ ನಿಂತೆ. ಶಟರಿನಾಚೆ ಡೋಲಾ ಬಂದಿತ್ತು. ನೂರಾರು ಚಪ್ಪಲಿಗಳ ಸದ್ದು, ಕಲಿಮಾ ಹೇಳುತ್ತಿದ್ದ ತಗ್ಗಿದ ದನಿಗಳು. ಕತ್ತಲಲ್ಲಿ ಅಣ್ಣ ತಲೆಗೆ ಸುತ್ತಿಕೊಂಡಿದ್ದ ಟವೆಲ್ಲನ್ನು ತೆಗೆದು ಎದೆಗೆ ಹಿಡಿದುಕೊಂಡು ತಲೆ ತಗ್ಗಿಸಿದ್ದರು. ಏನಾಯಿತೆಂದು ಅವರಿಗೆ ಇನ್ನೂ ತಿಳಿದಿರಲಿಲ್ಲ. ನಾನು ಜನ ದಾಟುವುದನ್ನೇ ಕಾದೆ. ಸತ್ತವರ ಮೇಲೂ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಇನ್ನೊಂದು ಗಂಟೆ ತಡೆದು ಹೋಗಬಾರದಿತ್ತೇ ಎನ್ನಿಸಿತು.

ಶಟರ್ ಎತ್ತಿ ಬೆಳಕು ಬಂದಾಗ ಅಣ್ಣ ನನ್ನ ಮುಖ ನೋಡಿದರು, ಆಮೇಲೆ ಪರದೆ ನೋಡಿದರು.

“ಕೈ ತಾನಾಗೇ ಹೋಯ್ತಮ್ಮಾ,” ಎಂದರು. “ನಾನ್ ಹೋಗಿಲ್ಲ, ಕೈ ಹೋಯ್ತು.”

ಇಷ್ಟು ವರ್ಷ ಮರ್ಯಾದೆಯಿಂದ ಮಾಡಿಕೊಂಡು ಬಂದ ಕೆಲಸವನ್ನು ಅವತ್ತೂ ಮರ್ಯಾದೆಯಿಂದಲೇ ಮಾಡಿದ್ದರು. ಬೈಯಲು ಒಂದು ತಪ್ಪಾದರೂ ಕೈಗೆ ಸಿಕ್ಕಿದ್ದರೆ ನನ್ನ ಹೊಟ್ಟೆಯುರಿ ಇಳಿಯುತ್ತಿತ್ತು. ಅವರದೂ ಸಿಗಲಿಲ್ಲ, ನನ್ನದೂ ಸಿಗಲಿಲ್ಲ.

ಯಂತ್ರ ಎದ್ದಿತು. ಆದರೆ ಶೇರಿಂಗ್ ಹಳೆಯದೂ ಆಗಿರಲಿಲ್ಲ, ಹೊಸದೂ ಆಗಿರಲಿಲ್ಲ. ಎರಡನ್ನೂ ಕಿತ್ತು ಮೊದಲಿಂದ ಹೊಸದನ್ನೇ ಹಾಕಬೇಕಾಯಿತು. ನಕಲು ಮಾಡಿಟ್ಟಿದ್ದ ಸೆಟ್ಟಿಂಗ್ ವಾಪಸು ಹಾಕಿದೆ. ಫೋಲ್ಡರುಗಳ ಹೆಸರು ಬಂದವು, ಜಾಗ ಬಂತು, ಕನ್ನಡದ ಹೊಸ ಕಂಪ್ಯೂಟರಿಗೂ ಹಳೆಯದು ಕಾಣಿಸಿತು. ಕೆಲಸ ಆದಂತೆಯೇ ಆಗಿತ್ತು. ಮಂಚದ ಹತ್ತಿರ ಹೋಗಿ ಗುಂಡಿ ಒತ್ತಿದೆ. ಪರದೆಯ ನಡುವೆ ಒಂದು ಚೌಕ ಬಂದು ಕೂತಿತು. ಹೆಸರು ಹಾಕಿ, ಪಾಸ್‌ವರ್ಡ್ ಹಾಕಿ. ಸಾಹೇಬರು ಅದನ್ನು ನೋಡಿದರು, ನನ್ನನ್ನು ನೋಡಿದರು. ನಾನು ಒತ್ತಿದೆ, ಚೌಕ ಹೋಯಿತು, ಎರಡು ಫೋಲ್ಡರು ಬಂದವು. ಅವರ ಮುಖ ಅರಳಿತು. ಇದು ಇವತ್ತಿಗೆ ಮಾತ್ರ ಅಲ್ಲ, ಇನ್ನು ಪ್ರತಿಸಲ ಬರುತ್ತದೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಆಪಾಗೆ ಅಂಗಳದಲ್ಲಿ ಹೇಳಿದೆ. ಪರವಾಗಿಲ್ಲ, ನಾನು ಒತ್ತಿಕೊಡುತ್ತೇನೆ ಬಿಡು ಎಂದರು. ಹಳೆಯ ಸಾಫ್ಟ್‌ವೇರಿನ ಸೀಡಿ ಎಲ್ಲಾದರೂ ಇದೆಯೇ ಎಂದು ಸಾಹೇಬರನ್ನು ಕೇಳಿದೆ. ಅವರು ಅಲ್ಮೇರದ ಕಡೆ ಕೈ ತೋರಿಸಿದರು. ನಾನು, ಆಪಾ, ಅಣ್ಣ ಮೂವರೂ ಸೇರಿ ಆ ಅಲ್ಮೇರ ಖಾಲಿ ಮಾಡಿದೆವು. ಇರಲಿಲ್ಲ. ಅವರು ಮತ್ತೆ ಬೇರೆ ಕಡೆ ತೋರಿಸಲು ನೋಡಿದರು, ಕೈ ಗಾಳಿಯಲ್ಲಿ ಅಲೆದು ಕೆಳಗಿಳಿಯಿತು. ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು. ಹೇಳಲು ಬಾಯಿರಲಿಲ್ಲ, ಬರೆಯಲು ಕೈಯಿರಲಿಲ್ಲ.

ಆಮೇಲಿನ ದಿನಗಳ ಕಥೆ ಆಪಾ ಫೋನಿನಲ್ಲಿ ತುಂಡುತುಂಡಾಗಿ ಹೇಳಿದ್ದು. ಶಿಡ್ಲಘಟ್ಟದಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಬಂದು ಹೋಗುತ್ತದೆಯೋ ಅಷ್ಟು ಸಲ ಆ ಚೌಕ. ಮೊದಮೊದಲು ಸಾಹೇಬರು ಕಂಬಿ ಬಡಿಯುತ್ತಿದ್ದರು, ಆಪಾ ಓಡಿಬಂದು ಒತ್ತಿ ಹೋಗುತ್ತಿದ್ದರು. ಮಷೀನು ಓಡುವಾಗ ಕಂಬಿಯ ಸದ್ದು ಮುಂದಕ್ಕೆ ಕೇಳುವುದಿಲ್ಲ. ಗಿರಾಕಿಗಳು ಎದುರಿಗೆ ಕೂತು, ಇವತ್ತೇ ಬೇಕು, ಊರೂರಿಗೆ ಹಂಚಬೇಕು ಎಂದು ಕುತ್ತಿಗೆ ಮೇಲೆ ಕೂರುವ ಕಾಲ. ಒಂದು ಮಧ್ಯಾಹ್ನ ಸಾಹೇಬರು ಚೌಕವನ್ನೇ ನೋಡುತ್ತಾ ಎಷ್ಟು ಹೊತ್ತು ಕೂತಿದ್ದರೋ ಗೊತ್ತಿಲ್ಲ. ಆಪಾ ಬರುವಷ್ಟರಲ್ಲಿ ಒಂದು ಕಾರ್ಡು ಅವರ ಕಣ್ಣಿಗೆ ಬೀಳದೆಯೇ ಅಚ್ಚಾಗಿತ್ತು. ಕಟ್ಟುಗಳನ್ನು ಹೊತ್ತ ಅಣ್ಣ ಅಂಗಳ ದಾಟಿ ಹಿಂಬಾಗಿಲಿಗೆ ಹೋದದ್ದನ್ನು ಸಾಹೇಬರು ಕಿಟಕಿಯಿಂದ ನೋಡಿದ್ದರು. ತಾವು ನೋಡದೆ ಹೋದ ಮೊದಲ ಕಾರ್ಡು ಅದು. ಹಾಗೆ ಎರಡಾಯಿತು, ಮೂರಾಯಿತು, ಸಾಹೇಬರು ಕಂಬಿ ಬಡಿಯುವುದನ್ನೇ ಬಿಟ್ಟರು. ಆಪಾ ತಾವೇ ಎರಡೆರಡು ಸಲ ಓದಿ ಕಳಿಸುತ್ತಿದ್ದರು.

ನನಗೆ ಒಳಗೊಳಗೆ ಒಂದು ಕೆಟ್ಟ ಆಸೆಯಿತ್ತು. ಒಂದು ತಪ್ಪಾಗಲಿ, ಒಂದೇ ಒಂದು ಹೆಸರು ತಪ್ಪಾಗಲಿ, ಯಾರಾದರೂ ಬಂದು ಜಗಳ ಮಾಡಲಿ, ಸಾಹೇಬರು ನೋಡಿದ್ದರೆ ಹೀಗಾಗುತ್ತಿರಲಿಲ್ಲ ಎನ್ನಲಿ ಎಂದುಕೊಳ್ಳುತ್ತಿದ್ದೆ. ಒಂದೂ ಆಗಲಿಲ್ಲ. ಆಪಾ ಇಷ್ಟು ವರ್ಷ ಅವರ ಬೆರಳು ಎಲ್ಲಿ ನಿಲ್ಲುತ್ತದೆಂದು ನೋಡಿ ನೋಡಿ ತಾವೂ ಅಲ್ಲೇ ನಿಲ್ಲುವುದನ್ನು ಕಲಿತಿದ್ದರು. ಅದೇ ಕೇಡಾಯಿತು.

ನಾನು ಸುಮ್ಮನೆ ಕೂತಿರಲಿಲ್ಲ. ಹಳೆಯ ಸಾಫ್ಟ್‌ವೇರಿಗಾಗಿ ಇಂಟರ್‌ನೆಟ್ಟೆಲ್ಲ ಜಾಲಾಡಿದೆ, ಸಿಗದೆ ಸಿಕ್ಕಸಿಕ್ಕವರಿಗೆಲ್ಲ ಫೋನು ಮಾಡಿದೆ. ಕೊನೆಗೆ ಗೌರಿಬಿದನೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಅದೇ ಕಾಲದ ಯಂತ್ರ ಅಟ್ಟದ ಮೇಲಿದೆ ಎಂದು ಗೊತ್ತಾಯಿತು. ಬಸ್ಸು ಹತ್ತಿ ಹೋದೆ. ಇಲಿ ಕಡಿದ ವಯರುಗಳನ್ನು ಕಟ್ಟಿ, ಧೂಳು ಕುಡಿದು, ಅರ್ಧ ದಿನ ಒದ್ದಾಡಿ ಅದನ್ನು ಎಬ್ಬಿಸಿದೆ. ಅದರೊಳಗೆ ಸಾಹೇಬರ ಹಳೆಯ ಸಾಫ್ಟ್‌ವೇರೇ ಇತ್ತು. ಕುಣಿದಾಡುವಷ್ಟು ಸಂತೋಷವಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಇನ್ನೊಂದು ದಾರಿಯೂ ಹೊಳೆಯಿತು. ಹಳೆಯ ಮಾತೂ ಹೊಸ ಮಾತೂ ಎರಡೂ ಬರುವ ಒಂದು ನಡುವಯಸ್ಸಿನ ಕಂಪ್ಯೂಟರನ್ನು ನಡುವೆ ಇಟ್ಟರೆ, ಅದು ಇತ್ತಲಿಂದ ತೆಗೆದುಕೊಂಡು ಅತ್ತ ಕೊಡುತ್ತದೆ. ಹಳೆಯದನ್ನು ಮುಟ್ಟುವ ಗೋಜೇ ಇಲ್ಲ. ನನ್ನ ಅಂಗಡಿಯ ಮೂಲೆಯಲ್ಲೇ ಅಂಥದೊಂದು ಬಿದ್ದಿತ್ತು. ಇದು ಮೊದಲೇ ಹೊಳೆಯಬಾರದಿತ್ತೇ ಎಂದು ಹಣೆ ಚಚ್ಚಿಕೊಂಡೆ. ಆದರೂ ಅವತ್ತು ಮನಸ್ಸು ಹಗುರವಾಗಿತ್ತು. ಫೋನು ಮಾಡಿ, ಆಪಾ, ಎಲ್ಲಾ ಮೊದಲಿನ ಹಾಗೇ ಮಾಡ್ಕೊಡ್ತೀನಿ ಎಂದೆ. ಅವರು ಬಾಮ್ಮಾ ಎಂದರು, ಹೆಚ್ಚು ಮಾತಾಡಲಿಲ್ಲ.

ಏಕೆ ಮಾತಾಡಲಿಲ್ಲವೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಹಿಂದಿನ ದಿನ, ಅಂದು ತೀರಿಕೊಂಡಿದ್ದ ಆ ಹಳೆಯ ರೀಲರಿನ ಮನೆಯವರು ಬಂದಿದ್ದರಂತೆ. ನಲವತ್ತನೇ ದಿನದ ಕಾರ್ಯ ಕಳೆದಿತ್ತು, ಮೊಮ್ಮಗಳ ಮದುವೆಗೆ ಹೊಸ ದಿನ ಗೊತ್ತಾಗಿತ್ತು. ದಿನ ಬದಲಿಸಿ ಅದೇ ಕಾರ್ಡು ಹಾಕಿಕೊಡಿ ಎಂದಿದ್ದರು. ಅಂಗಡಿಯ ಮಾತು ಅಂಗಳ ದಾಟಿ ಸಾಹೇಬರ ಕಿವಿಗೂ ಬಿದ್ದಿತ್ತು. ಎಷ್ಟೋ ದಿನಗಳ ನಂತರ ಅವರು ಮತ್ತೆ ಕಂಬಿ ಬಡಿದರು. ಮಷೀನು ನಿಲ್ಲುವವರೆಗೂ ಬಡಿದರು. ಆಪಾ ಓಡಿಹೋಗಿ ಚೌಕ ದಾಟಿಸಿ ಆ ಕಾರ್ಡು ತೆರೆದುಕೊಟ್ಟರು. ಸಾಹೇಬರ ಬೆರಳು ನೇರ ಅಜ್ಜನ ಹೆಸರಿಗೆ ಹೋಯಿತು. ಮರ್ಹೂಮ್ ಎಂದು ಅಲ್ಲಿ ಆಗಲೇ ಇತ್ತು. ಮನೆಯವರು ಎದ್ದು ಹೋದ ಕೂಡಲೇ ಆಪಾ ಹಾಕಿ ಮುಗಿಸಿದ್ದರು. ಬೆರಳು ಆ ಪದದ ಮೇಲೆಯೇ ನಿಂತಿತಂತೆ. ನಾನು ಒಂದಿನ ತಡವಾಗಿ ಹಾಕಿದ್ದರೆ ಏನು ಹೋಗ್ತಿತ್ತಮ್ಮಾ ಎಂದು ಆಪಾ ನನ್ನನ್ನು ಕೇಳಿದರು. ಸರಿಯಾಗಿ ಕೆಲಸ ಮಾಡಿದ್ದಕ್ಕೆ ಪಶ್ಚಾತ್ತಾಪ ಪಡುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಾನು ಕೆಲಸಕ್ಕೆ ಕೂತೆ. ಅಣ್ಣ ಬಾಗಿಲಲ್ಲಿ ನಿಂತು ಬೀದಿಯ ಎರಡೂ ತುದಿ ನೋಡುತ್ತಿದ್ದರು, ಮೇನ್ ಸ್ವಿಚ್ಚಿನ ಹತ್ತಿರ ಸುಳಿಯಲೇ ಇಲ್ಲ. ಹೊಸ ಸಾಫ್ಟ್‌ವೇರನ್ನು ಬೇರುಸಹಿತ ತೆಗೆದು ಹಳೆಯದನ್ನು ಹಾಕಿದೆ. ನಕಲಿನ ಸೆಟ್ಟಿಂಗ್ ಹಾಕಿದೆ. ಪಾಸ್‌ವರ್ಡ್ ಒಮ್ಮೆ ಒತ್ತಿ ನೆನಪಿಡು ಎಂದೆ, ನೆನಪಿಟ್ಟುಕೊಂಡಿತು. ನಡುವಯಸ್ಸಿನ ಕಂಪ್ಯೂಟರನ್ನು ಮೂಲೆಯಲ್ಲಿ ಇಟ್ಟು ಹಳೆಯದಕ್ಕೂ ಹೊಸದಕ್ಕೂ ಗಂಟು ಹಾಕಿದೆ. ಬೇಕೆಂದೇ ಮೇನನ್ನೂ ಇನ್ವರ್ಟರನ್ನೂ ಇಳಿಸಿ ಮತ್ತೆ ಏರಿಸಿ ನೋಡಿದೆ. ಸೆಟ್ಟಿಂಗ್ ಒಂದೂ ಹೋಗಿರಲಿಲ್ಲ. ಎಲ್ಲ ಮೊದಲಿನ ಹಾಗೆಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನ್ನ ಕಸುಬಿನಲ್ಲಿ ಅಷ್ಟು ಚೊಕ್ಕಟವಾದ ಕೆಲಸವನ್ನು ನಾನು ಕಡಿಮೆ ಮಾಡಿದ್ದೇನೆ.

ಆಪಾ ಸಾಹೇಬರ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ಗುಂಡಿಯನ್ನು ನೀವೇ ಒತ್ತಿ ಸಾರ್ ಎಂದೆ. ಒತ್ತಿದರು. ಚೌಕ ಬರಲಿಲ್ಲ. ಎರಡು ಫೋಲ್ಡರುಗಳು ತಾವಾಗಿಯೇ ತೆರೆದುಕೊಂಡವು. ಎಡಗಡೆಯದರಲ್ಲಿ ಒಂದು ಕಾರ್ಡು ಕಾಯುತ್ತಿತ್ತು, ಅವರಿಗಾಗಿ ಆಪಾ ಅವತ್ತು ಬೆಳಿಗ್ಗೆ ಹಾಕಿಟ್ಟದ್ದು. ಅಂಗಡಿಯಿಂದ ಅಣ್ಣನೂ ಬಂದು ಹೊಸ್ತಿಲಾಚೆ ನಿಂತರು.

ಸಾಹೇಬರು ಪರದೆಯನ್ನು ನೋಡಿದರು. ಓದಲಿಲ್ಲ, ನೋಡಿದರು. ಓದುವಾಗ ಅವರ ಕಣ್ಣು ಹೇಗೆ ಓಡುತ್ತದೆಂದು ನನಗೆ ಗೊತ್ತು, ಅದು ಓಡಲಿಲ್ಲ. ಆಮೇಲೆ ಎಡಗೈಯಲ್ಲಿ ಮೌಸನ್ನು ಹಿಡಿದರು. ಅವರು ಅದನ್ನು ಹಲಗೆಯಿಂದ ಎತ್ತಿ, ವಯರು ಸಿಕ್ಕಿಕೊಳ್ಳದ ಹಾಗೆ ನಿಧಾನವಾಗಿ ತಂದು, ಪಕ್ಕದಲ್ಲಿ ಕೂತಿದ್ದ ಆಪಾರ ಮಡಿಲಲ್ಲಿಟ್ಟರು.

ನಾನು ಏನೇನೋ ಹೇಳಿದೆ. ಸಾರ್, ನೀವೇ ನೋಡಬೇಕು, ನೀವು ನೋಡದಿದ್ದರೆ ಆಗುವುದಿಲ್ಲ ಎಂದೆ. ಆ ಮಾತು ಸುಳ್ಳೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಾಹೇಬರು ನನ್ನ ಕಡೆ ತಿರುಗಿ ಅರ್ಧ ಮುಖದಲ್ಲಿ ನಕ್ಕರು. ಅವರಿಗೆ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಬಿಡಮ್ಮಾ,” ಎಂದರು ಆಪಾ. “ಅವರು ನೋಡದೇ ಇದ್ರೂ ನಡೀತದೆ ಅಂತ ಅವರಿಗೆ ಗೊತ್ತಾಗೋಯ್ತು. ಅದನ್ನ ಎಲ್ಲಿಂದ ತೆಗೀತೀಯಾ ನೀನು?”

ಮುಂದಿನಿಂದ ಗಿರಾಕಿಯೊಬ್ಬರು ಕಾರ್ಡು ಆಯ್ತಾ ಎಂದು ಕೂಗಿದರು. ಆಪಾ ಕಣ್ಣೊರೆಸಿಕೊಂಡು ಮಡಿಲಿನ ಮೌಸನ್ನು ಹಲಗೆಯ ಮೇಲಿಟ್ಟು, ಪುಟವನ್ನು ತಾವೇ ಓದಿ, ತಾವೇ ಬಲಕ್ಕೆ ಎಳೆದರು. ಸಾಹೇಬರು ಆಗಲೇ ದಿಂಬಿಗೆ ಒರಗಿ ಕಿಟಕಿಯ ಕಡೆ ಮುಖ ಮಾಡಿದ್ದರು. ಅಣ್ಣ ಮಷೀನು ಹಾಕಲು ಹೋದರು.